ಗುರುವಾರದವಳು

ಚೀಲದ ಆರ್ಡರ್‌ಗಳು ಅರ್ಧಕ್ಕೆ ಇಳಿದಾಗ ಸರ್ಕಾರ ನಮ್ಮ ಕಾರ್ಖಾನೆಗೆ ದುಡ್ಡು ಕೊಟ್ಟಿತು. ಯಾರನ್ನೂ ಕೆಲಸದಿಂದ ತೆಗೆಯಬೇಡಿ, ಒಂದು ಕೆಲಸವನ್ನು ಇಬ್ಬರಿಗೆ ಹಂಚಿ, ಕೆಲಸವಿಲ್ಲದ ದಿನಗಳ ಸಂಬಳ ನಮ್ಮದು ಎಂದಿತು. ಒಳ್ಳೆಯದೇ. ಆದರೆ ಹಂಚಿದ್ದು ನನ್ನ ಮಷೀನನ್ನು. ಹದಿನೆಂಟು ವರ್ಷ ನಾನೊಬ್ಬಳೇ ಕೂತ ಹೊಲಿಗೆ ಮಷೀನು ಅದು. ಇನ್ನು ಮೇಲೆ ಸೋಮವಾರದಿಂದ ಬುಧವಾರದವರೆಗೆ ನನಗೆ. ಉಳಿದ ಮೂರು ದಿನ, ಮುಚ್ಚಿಹೋದ ಪಕ್ಕದ ಶೆಡ್ಡಿನಿಂದ ಬಂದ ಒಬ್ಬಳಿಗೆ.

“ನಿನಗೂ ಒಬ್ಬಳು ಸವತಿ ಬಂದಳು ಅನ್ನು,” ಎಂದು ಗಂಡ ನಕ್ಕರು. ನನಗೆ ನಗು ಬರಲಿಲ್ಲ.

ಅವಳ ಮುಖವನ್ನೇ ನಾನು ನೋಡಿರಲಿಲ್ಲ. ಸೋಮವಾರ ಬಂದರೆ ಮಷೀನಿನ ಸಂದುಗೊಂದಿಯಲ್ಲಿ ಒಂದೆಳೆ ನೂಲೂ ಇರುತ್ತಿರಲಿಲ್ಲ. ಎಣ್ಣೆ ಹಾಕಿಟ್ಟು, ಸ್ಟೂಲನ್ನು ನನ್ನ ಎತ್ತರಕ್ಕೇ ಇಳಿಸಿ ಹೋಗಿರುತ್ತಿದ್ದಳು, ಮಹಾತಾಯಿ. ಮೂರನೇ ವಾರ ಸೂಪರ್‌ವೈಸರ್ ಅವಳು ಹೊಲಿದ ಚೀಲವೊಂದನ್ನು ತಂದು, “ಮೂಲೆ ತಿರುಗಿಸಿರೋದು ನೋಡಮ್ಮ, ಹೀಗಿರಬೇಕು,” ಎಂದರು. ನನಗೆ! ಮೂಲೆ ತಿರುಗಿಸುವುದನ್ನು ಇಡೀ ಶೆಡ್ಡಿಗೆ ಕಲಿಸಿದವಳು ನಾನು.

ಆ ಬುಧವಾರ ಹೊರಡುವ ಮುಂಚೆ ಮೇಲಿನ ದಾರದ ಬಿಗಿಯನ್ನು ಎರಡು ಸುತ್ತು ಸಡಿಲಿಸಿದೆ. ಅಂಥ ಹೊಲಿಗೆ ಮೇಲ್ನೋಟಕ್ಕೆ ಚೆನ್ನಾಗೇ ಕಾಣುತ್ತದೆ, ಭಾರ ಬಿದ್ದರೆ ಬಿಚ್ಚಿಕೊಳ್ಳುತ್ತದೆ. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ಶುಕ್ರವಾರ ಕಾರ್ಖಾನೆಯಿಂದ ಕರೆ ಬಂತು. ಸೂಪರ್‌ವೈಸರ್ ಮೇಜಿನ ಮೇಲೆ ನಲವತ್ತು ಚೀಲ ಬಿದ್ದಿದ್ದವು, ಎಲ್ಲದರ ತಳವೂ ಬಾಯಿ ಬಿಟ್ಟಿತ್ತು. ಪಕ್ಕದಲ್ಲಿ ಬಡಕಲು ಹೆಂಗಸೊಬ್ಬಳು ನಿಂತಿದ್ದಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಇವಳಾ, ಅಂದುಕೊಂಡೆ.

“ಆರ್ಡರ್ ಇಲ್ಲ ಅಂತ ಯಾರನ್ನೂ ತೆಗೆಯೋ ಹಾಗಿಲ್ಲ. ಕೆಲಸ ಕೆಡಿಸಿದವರನ್ನ ತೆಗೀಬಹುದು, ಸರ್ಕಾರದ ರೂಲ್ಸೇ ಹಾಗಿದೆ,” ಎಂದರು ಸೂಪರ್‌ವೈಸರ್. ನನ್ನ ಕಡೆ ತಿರುಗಿದರು. “ಬುಧವಾರ ನೀವು ಬಿಟ್ಟು ಹೋದಾಗ ಮಷೀನ್ ಸರಿಯಿತ್ತಾ?”

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು. “ಸರಿಯಾಗೇ ಇದ್ದಿರುತ್ತೆ ಸಾರ್. ಅಕ್ಕ ಬಿಟ್ಟುಹೋದ ಮಷೀನಲ್ಲಿ ಯಾವತ್ತೂ ಒಂದು ಕುಂದು ಕಂಡಿಲ್ಲ. ಅದಕ್ಕೇ ಬಿಗಿ ನೋಡ್ದೇನೇ ಹೊಲಿಯೋಕೆ ಕೂತೆ. ತಪ್ಪು ನಂದೇ.”

ನಾನು ಸುಮ್ಮನಿದ್ದಿದ್ದರೆ ಸಾಕಿತ್ತು, ಮಷೀನು ಮತ್ತೆ ನನ್ನದಾಗುತ್ತಿತ್ತು. ಆದರೆ ಕಣ್ಣಲ್ಲಿ ನೀರು ತುಂಬಿಕೊಂಡು ನಿಂತ ಅವಳು ಎಷ್ಟು ದೊಡ್ಡವಳಾಗಿ ಕಂಡಳೆಂದರೆ ನನಗೆ ತಡೆಯಲಾಗಲಿಲ್ಲ. ಹೊಲಿಗೆಯಲ್ಲಿ ಗೆದ್ದಳು, ಹೋಗಲಿ. ಒಳ್ಳೆಯತನದಲ್ಲೂ ಇವಳೇ ಮೇಲಾಗಬೇಕೇ?

“ಅವಳದಲ್ಲ ಸಾರ್. ಸಡಿಲ ಮಾಡಿಟ್ಟಿದ್ದು ನಾನು,” ಎಂದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಆ ಕಣ್ಣಲ್ಲಿ ಒಂದಿಷ್ಟು ಮೆಚ್ಚುಗೆ ಕಾಣಬಹುದೆಂದು ಕಾದೆ. ಕಾಣಲಿಲ್ಲ.

ಸೂಪರ್‌ವೈಸರ್ ನನ್ನ ಹಾಜರಿ ಕಾರ್ಡು ತೆಗೆದಿಟ್ಟುಕೊಂಡು ಅವಳಿಗೆ ಹೇಳಿದರು, “ಸೋಮವಾರದಿಂದ ವಾರ ಪೂರ್ತಿ ನೀನೇ ಬಾಮ್ಮ.”