ಗುರುಪುರದ ತುಂಡು

"ಎಂಟು ವರ್ಸ ನಮ್ಮಪ್ಪನ್ ಜೊತೆ ಸ್ಪ್ಯಾನರ್ ಹಿಡ್ದವ್ನೆ, ಒಂದು ಪೈಪು ಸೇರ್ಸಕ್ಕೆ ಬರಕಿಲ್ಲ. ಎಂಟ್ನೇ ಕ್ಲಾಸ್ ದಾಟ್ದೆ ಇರೋನ ಕೈಗೆ ಮಿಷಿನ್ ಕೊಟ್ರೆ ಇಂಗೇ ಕಣ್ರೀ," ಎಂದು ಕಾಂತರಾಜ್, ತನ್ನ ಅಪ್ಪ ಅಂಕಯ್ಯನ ಮಣ್ಣಿಗೆ ಬಂದಿದ್ದ ಮಂದಿಗೆಲ್ಲ ಕೇಳುವ ಹಾಗೆ ಹೇಳಿದ.

ಅಂಕಯ್ಯನ ಮೆಕ್ಯಾನಿಕ್ ಹುಡುಗ ಸುನೀಲ ತಲೆ ಎತ್ತಲಿಲ್ಲ. ಎಣ್ಣೆ ಸೋರುವ ಪೈಪನ್ನು ಹಿಸುಕಿ ಹಿಡಿದ.

ಹೊಲದ ಮೂಲೆಯಲ್ಲಿ ಅಂಕಯ್ಯನ ಗುಂಡಿ ಎರಡಡಿಗೇ ನಿಂತಿತ್ತು. ಕೆಳಗೆ ಬಂಡೆ. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು. ಕಾಂತರಾಜನ ಮಿನಿ ಲೋಡರ್ ಬಂದಿತ್ತು, ಬಂಡೆ ಒಡೆಯುವ ಬ್ರೇಕರೂ ಬಂದಿತ್ತು. ಆದರೆ ಲೋಡರಿನ ಬಾಯಿ ಅರ್ಧ ಇಂಚು, ಬ್ರೇಕರಿನ ಪೈಪು ಮುಕ್ಕಾಲು. ಎಣ್ಣೆ ಹೋಗುವುದಕ್ಕೊಂದು, ವಾಪಸು ಬರುವುದಕ್ಕೊಂದು, ನಡುವೆ ಎರಡು ಜೋಡಣೆ ತುಂಡು ಬೇಕು. ಒಂದು ಸುನೀಲನ ಟೂಲ್ ಬಾಕ್ಸಿನಲ್ಲಿ ಸಿಕ್ಕಿತ್ತು. ಇನ್ನೊಂದಿಲ್ಲ.

"ಮೈಸೂರಿಂದ ತರ್ಸುದ್ರೆ?" ಎಂದ ಅಂಕಯ್ಯನ ಓರಗೆಯ ಮಂಚಯ್ಯ.

"ಭಾನ್ವಾರ ಕಣ್ ಮಂಚಣ್ಣ. ಅಂಗ್ಡಿ ಬಾಗ್ಲಾಕವೆ," ಎಂದ ಕಾಂತರಾಜ್.

"ಅಂಕಯ್ಯ ಇದ್ದಿದ್ರೆ ಬೀಡಿ ಆರೋದ್ರೊಳಗೆ ಸೇರ್ಸ್‌ಬುಡೋನು."

"ಅವ್ನಿದ್ದಿದ್ರೆ ಗುಂಡಿ ಯಾಕೆ ಬೇಕಿತ್ತು ಬುಡು," ಎಂದಿತು ಹಿಂದಿನಿಂದ ಒಂದು ದನಿ. ಇಬ್ಬರು ಟವೆಲ್ಲಿನೊಳಗೆ ನಕ್ಕರು.

ಅಂಥ ತುಂಡುಗಳ ಚೀಲವನ್ನೇ ಗುಜರಿಗೆ ಮಾರಿದವನು ಕಾಂತರಾಜ್. ಸುನೀಲ ಟೂಲ್ ಬಾಕ್ಸನ್ನು ಮತ್ತೊಮ್ಮೆ ಬೋರಲು ಹಾಕಿ ಹುಡುಕಿದ.

*

ಅಂಕಯ್ಯನ ರಿಪೇರಿ ಶೆಡ್ಡಿನಲ್ಲಿ ಇಂಚಿನ ಮಾತೇ ಇರಲಿಲ್ಲ. ಯಾವ ಊರಿನ ಲೋಡರಿಗಾಗಿ ಮೊದಲು ಒಂದು ತುಂಡನ್ನು ಲೇತ್‌ನಲ್ಲಿ ಮಾಡಿಸಿದನೋ, ಆ ಊರೇ ಅದರ ಹೆಸರು. "ಲೇ, ಪಿರಿಯಾಪಟ್ಣ ಕೊಡ್ಲಾ." "ಉಣಸೂರು ಎಲ್ಲಿಟ್ಟೆ?" ಅರ್ಧವನ್ನು ಮುಕ್ಕಾಲಿಗೆ ಕೂಡಿಸುವುದು ಗುರುಪುರ.

ಪೈಪು ಕೂರದಿದ್ದರೆ ಸುನೀಲ ಸುತ್ತಿಗೆ ಎತ್ತುತ್ತಿದ್ದ. ಅಂಕಯ್ಯ ತಡೆಯುತ್ತಿದ್ದ.

"ಒಡೀಬ್ಯಾಡ ಕಣ್ಲಾ. ಒಳಗೆ ಪ್ರೆಷರ್ ಕುಂತದೆ. ಇಂಜಿನ್ ಆಫ್ ಮಾಡಿ ಲಿವರ್ ಅಲ್ಲಾಡ್ಸು, ಮೊದ್ಲು ಅದ್ರ ಉಸ್ರು ಬುಡ್ಸು. ಆಮ್ಯಾಕೆ ನಿಂದೂ ಬುಡು."

ಎರಡು ತಿಂಗಳ ಹಿಂದೆ ಅಂಕಯ್ಯ ಹಾಸಿಗೆ ಹಿಡಿದಾಗ ಕಾಂತರಾಜ್ ಶೆಡ್ಡು ಖಾಲಿ ಮಾಡಿಸಿದ. ಅಷ್ಟೂ ಊರುಗಳು ಒಂದೇ ಚೀಲದಲ್ಲಿ ಗುಜರಿ ಗಾಡಿ ಹತ್ತಿದವು. ಗೋಡೆ ಹಿಡಿದು ಬಂದ ಅಂಕಯ್ಯ ಚೀಲಕ್ಕೆ ಕೈಹಾಕಿ, ಸಿಕ್ಕಿದ್ದೊಂದನ್ನು ಮುಷ್ಟಿಯಲ್ಲಿ ಹಿಡಿದುಕೊಂಡ.

"ನನ್ ಮಗಂಗೇನೂ ಅನ್‌ಬ್ಯಾಡ," ಎಂದ, ಸುನೀಲನ ಮುಖ ನೋಡಿ.

ಮರುದಿನ ಶೆಡ್ಡಿನ ಬೀಗದ ಕೈ ಜೊತೆ ಅಂಕಯ್ಯನ ಉಡಿದಾರದಲ್ಲಿ ಇನ್ನೇನೋ ಪಂಚೆಯೊಳಗೆ ಉಬ್ಬಿಕೊಂಡಿತ್ತು.

*

ಸುನೀಲ ಪೈಪು ಬಿಟ್ಟು, ಹೆಣದ ತಲೆದೆಸೆಯಲ್ಲಿ ಕೂತಿದ್ದ ಅಂಕಯ್ಯನ ಹೆಂಡತಿಯ ಹತ್ತಿರ ಹೋದ.

"ಅವ್ವ, ಮೈ ತೊಳ್ಯೋವಾಗ ಅಯ್ಯನ ಉಡಿದಾರ ಕಿತ್ರಲ್ಲ, ಎಲ್ಲಾಕುದ್ರಿ?"

"ಹಳೇ ಬಟ್ಟೆ ಜೊತೆ, ಬೇಲಿ ತಾವ," ಎಂದಳು ಮಾರಮ್ಮ. "ಅದೇನೋ ಕಬ್ಬಿಣ ಕಟ್ಕಂಡಿದ್ದ. ಮನೀಕಂಡ್ರೆ ಒತ್ತುತದೆ ಬಿಚ್ಚು ಅಂದ್ರೆ ಕೇಳ್ನಿಲ್ಲ."

ಬೇಲಿ ಬುಡದಲ್ಲಿ ಕಪ್ಪು ದಾರ ಸಿಕ್ಕಿತು. ಅದರಲ್ಲಿ ಬೀಗದ ಕೈ, ಪಕ್ಕದಲ್ಲಿ ಗುರುಪುರ.

ಸುನೀಲ ಇಂಜಿನ್ ಆರಿಸಿ ಲಿವರನ್ನು ಎರಡು ಸಲ ಅಲ್ಲಾಡಿಸಿದ. ಉಸಿರು ಬಿಟ್ಟ ಪೈಪು ಟಕ್ಕೆಂದು ಕೂತಿತು. ಒಂದು ಗಂಟೆಯಲ್ಲಿ ಗುಂಡಿ ಆಳೆತ್ತರ ಇಳಿಯಿತು. ಸುನೀಲ ಲೋಡರನ್ನು ಹಿಂದೆ ಸರಿಸಿ ಪೈಪು ಬಿಚ್ಚಿ, ಅಂಕಯ್ಯನ ಗುರುಪುರವನ್ನು ಮುಷ್ಟಿಯಲ್ಲಿ ಹಿಡಿದ.

ಹೆಣ ಇಳಿಸಿದರು. ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಿದರು. ಸುನೀಲನ ಮೂರನೇ ಹಿಡಿ ಬಿದ್ದಾಗ, ಬಂಡೆಯ ಗೋಡೆಗೆ ಕಬ್ಬಿಣ ತಾಗಿ ಟಣ್ಣೆಂದಿತು. ಮಿಕ್ಕವರ ಸಲಿಕೆಗಳು ಅದರ ಮೇಲೆ ಮಣ್ಣೆಳೆದವು.

ಗುಂಡಿ ಮುಚ್ಚಿದ ಮೇಲೆ ಕಾಂತರಾಜ್ ಲೋಡರಿನ ಹತ್ತಿರ ಬಂದ.

"ನಾಳೆ ಬೆಳಿಗ್ಗೆ ಅಂತರಸಂತೆ ಕೆಲ್ಸಕ್ಕೆ ಬ್ರೇಕರ್ ಓಗ್ಬೇಕು. ಇನ್ನೊಂದು ತುಂಡೆಲ್ಲಿ?"

ಸುನೀಲ ಕೈಯ ಮಣ್ಣನ್ನು ಪ್ಯಾಂಟಿಗೆ ಒರೆಸಿಕೊಂಡ.

"ಲೇ, ನಿನ್ನೇ ಕೇಳ್ತಿರಾದು. ಜೇಬಿಗಾಕಂಡ್ಯ?"

ಶೆಡ್ಡಿನ ಬೀಗದ ಕೈಯನ್ನು ಲೋಡರಿನ ಸೀಟಿನ ಮೇಲಿಟ್ಟು ಸುನೀಲ ತನ್ನೂರಾದ ಹಂಪಾಪುರದ ದಾರಿ ಹಿಡಿದ. ಹಿಂದೆ ಬ್ರೇಕರಿನ ಎರಡು ಪೈಪುಗಳು ಬಾಯಿ ತೆರೆದುಕೊಂಡು ಹೊಸ ಮಣ್ಣಿನ ಮೇಲೆ ಎಣ್ಣೆ ತೊಟ್ಟಿಕ್ಕಿಸುತ್ತಿದ್ದವು.