ಹೊಗಳಿದ ಮೇಲೆ ಚೌಕಾಸಿ ಇಲ್ಲ

ನಮ್ಮ ಮನೆಯವರಾದ ಬಸವಯ್ಯನವರ ಬಾಯಲ್ಲಿ ‘ಚೆನ್ನಾಗಿದೆ’ ಎನ್ನುವ ಮಾತು ಬಂದದ್ದನ್ನು ನಾನು ಒಂದೇ ಒಂದು ಸಲ ಕೇಳಿದ್ದೇನೆ. ಅದನ್ನೂ ಅವರು ನನಗೆ ಹೇಳಿದ್ದಲ್ಲ, ಒಂದು ಕಾರಿಗೆ ಹೇಳಿದ್ದು.

ಕೋಡಿಹಳ್ಳಿ ಕಡೆಯ ದನದ ವ್ಯಾಪಾರಿಗಳ ಮನೆ ಅವರದು. ಆ ಕಸುಬಿನಲ್ಲಿ ಬೇಕಾದ ಎತ್ತನ್ನು ಹೊಗಳುವ ಹಾಗಿಲ್ಲ. ಹೊಗಳಿದರೆ ಮಾರುವವನು ರೇಟು ಏರಿಸಿ ಕೂರುತ್ತಾನೆ. ಹಾಗಾಗಿ ಎತ್ತು ಎಷ್ಟು ಮನಸ್ಸಿಗೆ ಬಂತೋ ಅಷ್ಟು ಬೈಯಬೇಕು. ಬೇಡದ ಎತ್ತಾದರೆ “ಒಳ್ಳೇ ದನ ಕಣಪ್ಪ” ಎಂದು ಬೆನ್ನು ತಟ್ಟಿ ಮುಂದಕ್ಕೆ ಹೋಗುತ್ತಾರೆ. ಸಂತೆಯಲ್ಲಿ ಇದು ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಕಷ್ಟವೆಲ್ಲ ಮನೆಯಲ್ಲಿರುವವರಿಗೆ. ನಾನು ಮಾಡಿದ ಸಾರಿಗೆ ದಿನಾ ಉಪ್ಪು ಜಾಸ್ತಿ, ಆದರೆ ಎರಡನೇ ಸಲ ಬಡಿಸಿಕೊಳ್ಳದ ದಿನವಿಲ್ಲ. ಹೆಣ್ಣು ನೋಡಲು ಬಂದ ದಿನ ಅವರಪ್ಪನ ಕಿವಿಯಲ್ಲಿ, ನನಗೂ ಕೇಳಿಸುವ ಹಾಗೆ, “ಒಸಿ ಕುಳ್ಳಿ” ಎಂದಿದ್ದರು. ದನದ ವ್ಯಾಪಾರಿ, ಅವರ ಮಾತೇ ಹಾಗೆ ಎಂದು ಎಲ್ಲರೂ ಸಮಾಧಾನ ಹೇಳಿದರು. ನಾನೇನು ಎತ್ತೇ? ಆ ಮಾತು ಹೊಟ್ಟೆಯಲ್ಲಿ ಹಾಗೇ ಉಳಿದುಬಿಟ್ಟಿತ್ತು.

ಇಂಥವರು ಕಾರು ಕೊಳ್ಳಲು ಹೊರಟರು. ಹಾರೋಹಳ್ಳಿಯಲ್ಲಿ ಕಾರ್ಖಾನೆಗಳಿಗೆಂದು ಹೋದ ನಮ್ಮ ಹೊಲದ ದುಡ್ಡು ಬ್ಯಾಂಕಿನಲ್ಲಿತ್ತು. ಮಗ ಮಹೇಂದ್ರ ಅಲ್ಲೇ ಒಂದು ಕಂಪನಿಯಲ್ಲಿ ಗಾಡಿ ಓಡಿಸುತ್ತಿದ್ದ. ಆದರೆ ಕಾರಿನ ಆಸೆ ಹುಟ್ಟಿದ್ದು ಮಗಳು ರಮ್ಯಾಳಿಂದ. ಅವಳನ್ನು ಮಾಗಡಿಗೆ ಕೊಟ್ಟಿದ್ದೆವು. ಚೊಚ್ಚಲು, ಏಳು ತಿಂಗಳು ನಡೆಯುತ್ತಿತ್ತು. ಮಾಗಡಿಗೆ ರೈಲಿಲ್ಲ, ಇರುವುದು ಬಸ್ಸೇ, ಅದನ್ನೂ ರಾಮನಗರದಲ್ಲಿ ಬದಲಾಯಿಸಬೇಕು. ಬಸ್ಸು ಹತ್ತಕೂಡದು ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಬೀಗಿತ್ತಿ ದೊಡ್ಡಲಕ್ಷ್ಮಮ್ಮನವರೂ ಅಷ್ಟೇ ಖಂಡಿತವಾಗಿ, “ಏಳರಲ್ಲೇ ಕರ್ಕೊಂಡೋಗಿ. ಎಂಟಕ್ಕೆ ಬಿದ್ಮೇಲೆ ನಾನು ಹೊಸ್ತಿಲು ದಾಟಿಸಕ್ಕಿಲ್ಲ. ಬಾಣಂತನ ಇಲ್ಲೇ ಆಗ್ಲಿ” ಎಂದುಬಿಟ್ಟರು. ಎಂಟು ಶುರುವಾಗುವುದು ಆ ಭಾನುವಾರಕ್ಕೆ. ಚೊಚ್ಚಲ ಬಾಣಂತನ ನನ್ನ ಕೈತಪ್ಪಿ ಹೋಗುತ್ತದಲ್ಲ ಎಂದು ನನಗೆ ನಿದ್ದೆ ಬರುತ್ತಿರಲಿಲ್ಲ.

ಬಾಡಿಗೆ ಕಾರು ಮಾಡೋಣ ಎಂದು ಸಾವಿರ ಸಲ ಹೇಳಿದೆ. ಇವರು ಫೋನಿನಲ್ಲಿ ಮಗಳಿಗೆ, “ನಿಮ್ಮಪ್ಪನ ಸ್ವಂತ ಕಾರೇ ಬತ್ತದೆ ಕಣವ್ವ” ಎಂದು ಆಗಲೇ ಮಾತು ಕೊಟ್ಟಾಗಿತ್ತು. ಬೀಗರ ಮುಂದೆ ಆ ಮಾತು ಸುಳ್ಳಾಗುವುದನ್ನು ಅವರು ಜನ್ಮದಲ್ಲಿ ಸಹಿಸುವವರಲ್ಲ. ಶುಕ್ರವಾರ ಬೆಳಿಗ್ಗೆ ಬ್ಯಾಂಕಿನ ಚೆಕ್ಕು ಜೇಬಿನಲ್ಲಿಟ್ಟುಕೊಂಡು, ಟವಲ್ಲು ಹೆಗಲ ಮೇಲೆ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ರಾಮನಗರಕ್ಕೆ ಬಂದರು.

ಮೈಸೂರು ರಸ್ತೆಯ ಮೇಲೆ ಹೊಸದಾಗಿ ಗಾಜಿನ ಶೋರೂಮು ಬಂದಿತ್ತು. ಗಾಡಿ ತೋರಿಸಿದವಳು ಚನ್ನಪಟ್ಟಣದ ಮಜೀದಾ ಎಂಬ ಹುಡುಗಿ, ನಗುಮುಖದವಳು. ಬೇರೆ ಬಣ್ಣ ಬೇಕೆಂದರೆ ತಿಂಗಳು ಕಾಯಬೇಕು, ಈ ಕೆಂಪು ಕಾರು ಒಂದು ಮಾತ್ರ ರೆಡಿ ಇದೆ, ಇವತ್ತು ದುಡ್ಡು ಕಟ್ಟಿದರೆ ನಾಳೆಯೇ ತೆಗೆದುಕೊಂಡು ಹೋಗಬಹುದು ಎಂದಳು. ನನ್ನ ಜೀವ ತಣ್ಣಗಾಯಿತು.

ನಮ್ಮವರು ಕಾರನ್ನು ಒಂದು ಸುತ್ತು ಹಾಕಿದರು. ಹಿಂದಿನಿಂದ ತಟ್ಟಿದರು. ಮುಂದೆ ಬಂದು ಬಾನೆಟ್ ತೆಗೆಸಿ, ಎತ್ತಿನ ಹಲ್ಲು ನೋಡುವವರ ಹಾಗೆ ಬಗ್ಗಿ ನೋಡಿದರು. ಆಮೇಲೆ ಶುರು ಮಾಡಿದರು.

“ಇದೇನವ್ವ, ಬಾಗಿಲು ಇಷ್ಟು ತೆಳ್ಳಗೈತೆ. ನಮ್ಮನೆ ರಾಗಿ ಡಬ್ಬ ಇದಕ್ಕಿಂತ ಗಟ್ಟಿ.”

“ಹಾಗಲ್ಲ ಸಾರ್, ಹೊಸ ಮಾಡೆಲ್ ಇದು.”

“ಇರ್ಲಿ. ಕಣ್ಣು ಸಣ್ಣವು, ಮೂತಿ ಮೊಂಡು. ಒಳಗಡೆ ಜಾಗ ಸಾಲ್ದು. ಬಣ್ಣ ಅಂತೂ ಕೇಳ್ಬ್ಯಾಡ.”

ಬೈಗುಳದ ಅಳತೆ ನೋಡಿಯೇ ನನಗೆ ತಿಳಿಯಿತು, ಇವರಿಗೆ ಈ ಕಾರು ಜೀವ ಬಿಡುವಷ್ಟು ಹಿಡಿಸಿದೆ. ಪಾಪ, ಆ ಹುಡುಗಿಗೆ ಹೇಗೆ ತಿಳಿಯಬೇಕು. ಅವಳ ಮುಖ ಸಣ್ಣದಾಯಿತು. ಹೇಳಿದ ರೇಟಿಗೆ ಇವರು ತಲೆ ಅಲ್ಲಾಡಿಸಿದ್ದನ್ನು ನೋಡಿ, “ಐದು ನಿಮಿಷ ಕೂತ್ಕೊಳ್ಳಿ ಸಾರ್, ಮ್ಯಾನೇಜರ್ ಹತ್ರ ಕೇಳ್ಕೊಂಡು ಬರ್ತೀನಿ” ಎಂದು ಒಳಗೆ ಹೋದಳು.

ಅವಳು ಅತ್ತ ಹೋದಳು, ಇವರು ಇತ್ತ ಎದ್ದರು. “ಬಾರಮ್ಮಿ, ಹೋಗವ” ಎಂದು ಟವಲ್ಲು ಕೊಡವಿದರು. ಸಂತೆಯಲ್ಲಿ ಇದು ಕೊನೆಯ ಪಟ್ಟು. ಕೊಳ್ಳುವವನು ಹಗ್ಗ ಬಿಟ್ಟು ಹೊರಟುಬಿಡಬೇಕು, ಮಾರುವವನು ಹಿಂದಿನಿಂದ ಓಡಿಬಂದು ಟವಲ್ಲು ಹಿಡಿದು ಎಳೆಯಬೇಕು. ಹೊರಟವನು ಮಾತ್ರ ತಿರುಗಿ ನೋಡುವ ಹಾಗಿಲ್ಲ. ನೋಡಿದರೆ ಆಸೆ ಇದೆಯೆಂದು ಗೊತ್ತಾಗಿಬಿಡುತ್ತದೆ.

ರಸ್ತೆ ದಾಟಿ ಎಳನೀರಿನ ಗಾಡಿಯ ಹತ್ತಿರ ಶೋರೂಮಿಗೆ ಬೆನ್ನು ಮಾಡಿ ನಿಂತರು. ನೋಡುವ ಕೆಲಸ ನನಗೆ ಬಂತು.

“ಬಂದ್ಲಾ?”

“ಇಲ್ಲ.”

“ಈಗ?”

“ಇಲ್ಲ ಅಂದ್ನಲ್ಲ. ಇದೇನು ದನದ ಸಂತೆನಾ, ಟವಲ್ಲು ಹಿಡ್ಕೊಂಡು ಎಳೆಯೋಕೆ?”

“ಬತ್ತಾಳೆ ಇರು. ಬರ್ದೆ ಎಲ್ಲೋಯ್ತಾಳೆ.”

ಎಳನೀರು ಕುಡಿದಾಯಿತು, ಗಂಜಿ ಕೆರೆದು ತಿಂದಾಯಿತು. ಯಾರೂ ಬರಲಿಲ್ಲ. ಗಾಜಿನೊಳಗೆ ನೋಡುತ್ತೇನೆ, ಯಾರೋ ಗಂಡ ಹೆಂಡತಿ ಬಂದಿದ್ದಾರೆ. ಮಜೀದಾ ಬಾಗಿಲು ತೆಗೆದಳು, ಆ ಹೆಂಗಸು ಒಳಗೆ ಕೂತು ಕನ್ನಡಿ ಸರಿಮಾಡಿಕೊಂಡಳು. ನಾನು ಇವರ ತೋಳು ಹಿಡಿದು ಜಗ್ಗಿದೆ.

“ಏನಂದ್ರೆ, ನಮ್ಮ ಕಾರಲ್ಲಿ ಯಾರೋ ಕೂತವ್ರೆ.”

ಇವರು ತಿರುಗಿ ನೋಡಿದರು. ಅವರ ವ್ಯಾಪಾರದ ಜೀವನದಲ್ಲಿ ಹಾಗೆ ತಿರುಗಿದ್ದು ಅದೇ ಮೊದಲಿರಬೇಕು. ಆಮೇಲೆ ಲಾರಿ ಬಸ್ಸು ಯಾವುದನ್ನೂ ನೋಡದೆ ರಸ್ತೆ ದಾಟಿದರು. ನಾನು ಸೆರಗು ಸಿಕ್ಕಿಸಿಕೊಂಡು ಹಿಂದೆ ಓಡಿದೆ.

ಮಜೀದಾ ಕಣ್ಣರಳಿಸಿದಳು. “ಮ್ಯಾನೇಜರ್ ಜೊತೆ ಕಿತ್ತಾಡಿ ಹನ್ನೆರಡು ಸಾವಿರ ಇಳಿಸ್ಕೊಂಡು ಬಂದೆ ಸಾರ್. ಬಂದು ನೋಡಿದ್ರೆ ನೀವೇ ಇಲ್ಲ. ಅಷ್ಟೊಂದು ಬೈದ್ರಲ್ಲ, ಗಾಡಿ ಹಿಡಿಸ್ಲಿಲ್ಲ ಅಂದ್ಕೊಂಡು ಇವ್ರಿಗೆ ಅದೇ ರೇಟು ಹೇಳ್ಬಿಟ್ಟೆ.”

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ಹಾಗೆಂದುಕೊಂಡಿದ್ದಳು. ಬಂದಿದ್ದವರು ಹಾರೋಹಳ್ಳಿಯ ಕಂಪನಿಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಅಶ್ವಥ್ ಎಂಬವರು. “ನೀವು ಬೇಡ ಅಂದ್ರಂತಲ್ಲ ಯಜಮಾನ್ರೇ” ಎಂದರು.

“ಬ್ಯಾಡ ಅಂದಿಲ್ಲ.”

“ಮತ್ತೆ ಬೈದ್ರಲ್ಲ ಸಾರ್” ಎಂದಳು ಮಜೀದಾ.

“ಬೇಕು ಅಂತ್ಲೇ ಬೈದೆ ಕಣವ್ವ” ಎಂದರು ಇವರು. ಅದನ್ನು ಬಿಡಿಸಿ ಹೇಳುವುದು ಹೇಗೆಂದು ತಿಳಿಯದೆ ಟವಲ್ಲನ್ನು ಹಿಂಡುತ್ತಾ ನಿಂತರು. ಎಂಥೆಂಥ ವ್ಯಾಪಾರಿಗಳ ಬಾಯಿ ಮುಚ್ಚಿಸಿದ್ದ ಮನುಷ್ಯ ಮಾತಿಗೆ ತಡವರಿಸುವುದನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು. ನಾನೇ ಹೇಳಿಬಿಡೋಣವೆಂದು ಬಾಯಿ ತೆಗೆಯುವಷ್ಟರಲ್ಲಿ ಅವರೇ ಕಾರಿನ ಮೇಲೆ ಕೈಯಿಟ್ಟರು.

“ಬಾಗಿಲು ಬೋ ಗಟ್ಟಿಯಾಗೈತೆ. ಹಿಂದಿನ ಸೀಟು ಮೆತ್ತಗೈತೆ, ಬಸುರಿ ಹೆಣ್ಮಗ ಕಾಲು ಚಾಚ್ಕೊಂಡು ಒರಗ್ಬೋದು. ಬಂದಾಗ್ಲಿಂದ ಅದನ್ನೇ ನೋಡ್ತಿದ್ದೆ. ಬಣ್ಣ ನನ್ನ ಮಗಳ ಮದ್ವೆ ಸೀರೆ ಬಣ್ಣ. ನಾಳೆ ಮಾಗಡಿಗೋಗಿ ಅವಳನ್ನ ಕರ್ಕೊಂಡು ಬರ್ಬೇಕು, ಮಾತು ಕೊಟ್ಬುಟ್ಟಿವ್ನಿ. ಗಾಡಿ ಚೆನ್ನಾಗೈತೆ. ಬೋ ಚೆನ್ನಾಗೈತೆ ಕಣವ್ವ.”

ಅಶ್ವಥ್ ಅವರ ಹೆಂಡತಿ ಕಾರಿನಿಂದ ಇಳಿದುಬಂದು ನನ್ನನ್ನು ಕೇಳಿದರು, “ಎಷ್ಟು ತಿಂಗಳು?”

“ಏಳು. ಭಾನುವಾರಕ್ಕೆ ಎಂಟಕ್ಕೆ ಬೀಳ್ತದೆ ಕಣವ್ವ.”

ಆಕೆ ಗಂಡನ ಕಡೆ ತಿರುಗಿ, “ರೀ, ನನಗೆ ಬಿಳೀ ಬಣ್ಣವೇ ಇಷ್ಟ. ಒಂದು ತಿಂಗಳು ಕಾಯೋಣ” ಎಂದರು. ಕನ್ನಡಿ ಸರಿಮಾಡಿಕೊಳ್ಳುವಾಗ ಆಕೆಯ ಮುಖದಲ್ಲಿದ್ದ ಸಂತೋಷವನ್ನು ನಾನು ನೋಡಿದ್ದೆ. ಆ ತಾಯಿಯ ಹೊಟ್ಟೆ ತಣ್ಣಗಿರಲಿ.

ಮಜೀದಾ ಇಳಿಸಿದ ರೇಟನ್ನೇ ನಮಗೂ ಹಾಕಿದಳು. ಒಬ್ಬರಿಗೊಂದು ಇನ್ನೊಬ್ಬರಿಗೊಂದು ಹೇಳುವುದಿಲ್ಲ, ಇದು ನ್ಯಾಯವಾದ ಬೆಲೆ ಎಂದಳು. ಆಮೇಲೆ ನಗುತ್ತಾ, “ಇನ್ನೂ ಕಡಿಮೆ ಮಾಡು ಅನ್ನಲ್ವಾ ಸಾರ್?” ಎಂದು ಕೇಳಿದಳು.

“ಹೊಗಳಿದ್ಮೇಲೆ ಚೌಕಾಸಿ ಹೆಂಗವ್ವ ಮಾಡೋದು” ಎಂದು ಇವರು ಚೆಕ್ಕು ತೆಗೆದರು. ಆದರೂ ಕಾಲಿಗೆ ಹಾಕುವ ಮ್ಯಾಟು ಪುಕ್ಕಟೆ ಕೊಡಿಸಿಕೊಳ್ಳದೆ ಬಿಡಲಿಲ್ಲ.

ಶನಿವಾರ ಮಹೇಂದ್ರ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಾಗಡಿಗೆ ಕಾರು ಓಡಿಸಿದ. ದೊಡ್ಡಲಕ್ಷ್ಮಮ್ಮನವರು ಆರತಿ ಎತ್ತಿ, ಕಾರು ಲಕ್ಷಣವಾಗಿದೆ ಎಂದರು. “ಎಂಥದ್ದೋ ಡಬ್ಬ” ಎಂದರು ಇವರು. ಮಗಳು ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಊರಿನವರೆಗೂ ನಿದ್ದೆ ಮಾಡಿದಳು. ಮುಂದೆ ಕೂತಿದ್ದವರು ಹಳ್ಳ ಬಂದಾಗಲೆಲ್ಲ ಮಹೇಂದ್ರನನ್ನು, “ನಿಧಾನ ಕಣ್ಲಾ” ಎಂದು ಗದರುತ್ತಿದ್ದರು.

ಹೆಣ್ಣು ಮಗುವಾಯಿತು. ಬೀಗಿತ್ತಿ ನೋಡಲು ಬಂದಿದ್ದ ದಿನ ಇವರು ಮಗುವನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

“ಮೂಗು ಚಪ್ಪಟೆ” ಎಂದರು. “ಕಿವಿ ಅಗಲ. ಅಳು ಅಂತೂ ಕೇಳ್ಬ್ಯಾಡ.”

ದೊಡ್ಡಲಕ್ಷ್ಮಮ್ಮನವರ ಮುಖ ಇಳಿದುಹೋಯಿತು. “ಏನ್ ಬೀಗ್ರೇ, ಹೆಣ್ಣು ಅಂತ ಬೇಜಾರಾ?”

“ಬೈಲಿ ಬುಡಿ ಬೀಗಿತ್ತಿ” ಎಂದೆ ನಾನು. “ಇವರು ಈ ಕೂಸನ್ನ ನಿಮಗೆ ವಾಪಸ್ ಕೊಡೋ ಹಂಗೆ ಕಾಣ್ತಿಲ್ಲ.”

ಇವರು ಮಗುವಿನಿಂದ ಕಣ್ಣು ತೆಗೆಯಲಿಲ್ಲ. “ಥೇಟ್ ಅಜ್ಜಿಯಂಗೇ ಐತೆ” ಎಂದರು. “ಇದೂ ಒಸಿ ಕುಳ್ಳಿ ಆಯ್ತದೆ.”

ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು ಆವತ್ತು ನನಗೆ ಅರ್ಥವಾಯಿತು. ಎಷ್ಟು ಸಂತೋಷವಾಯಿತೆಂದರೆ, ಬೀಗಿತ್ತಿಯ ಎದುರಿಗೆ ಕೂರಲಾರದೆ ಎದ್ದು ಅಡಿಗೆಮನೆಗೆ ಹೋದೆ. ಮಧ್ಯಾಹ್ನ ಊಟಕ್ಕೆ ಕೂತು ಇವರು ಸಾರಿಗೆ ಉಪ್ಪು ಜಾಸ್ತಿ ಎಂದರು. ನಾನು ಇನ್ನೊಂದು ಸೌಟು ಬಡಿಸಿದೆ.