ಸಾಕ್ಷಿಯ ಸಹಿ

ಸುಮನಾ ಓದಲಿಲ್ಲ. ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಒತ್ತಿ ಹಿಡಿದು, ಬಾಯಲ್ಲಿ ಕಚ್ಚಿಕೊಂಡಿದ್ದ ಹೇರ್‌ಪಿನ್ನನ್ನೂ ತೆಗೆಯದೆ, ಸಾಕ್ಷಿ ಎಂದಿದ್ದ ಗೆರೆಯ ಮೇಲೆ ಸಹಿ ಎಳೆದುಬಿಟ್ಟಳು.

"ಓದಿ ಹಾಕು ಅಂದೆನಲ್ಲ," ಎಂದ ಸಂಜಯ್.

"ನೀವು ಓದಿರ್ತೀರಲ್ಲ." ಪಿನ್ನು ತಲೆಗೆ ಹೋಯಿತು. "ಎಂಟೂ ನಲವತ್ತಾಯ್ತು. ಫಸ್ಟ್ ಪೀರಿಯಡ್ ನಂದೇ ಇವತ್ತು."

"ಸತ್ತರೆ ಯಾರೂ ಹೊಣೆಯಲ್ಲ ಅಂತ ಬರೆದಿದೆ ಅದರಲ್ಲಿ."

"ಹತ್ತು ಸಾವಿರ ಅಡಿ ಮೇಲಿಂದ ತಳ್ಳೋರು ಇನ್ನೇನು ಬರೆಸ್ಕೋತಾರೆ?" ಅವಳು ನಕ್ಕಳು. "ಬಿ.ಎಚ್. ರೋಡಲ್ಲಿ ಬೈಕ್ ಓಡಿಸೋದಕ್ಕಿಂತ ಇದು ಸೇಫ್ ಅಂತ ನೀವೇ ಹೇಳಿದ್ದು. ಊರಿಗೆಲ್ಲ ಹೆಲ್ಮೆಟ್ ಹಾಕಿಸೋ ಮನುಷ್ಯ, ಲೆಕ್ಕ ಹಾಕದೆ ಹೋಗ್ತೀರಾ? ಫೋಟೋ ಕಳಿಸಿ."

ಗೇಟು ಮುಚ್ಚಿತು. ಶಿವಮೊಗ್ಗದ ವಿನೋಬನಗರದ ಬೀದಿಯಲ್ಲಿ ಅವಳ ಸ್ಕೂಟರಿನ ಸದ್ದು ತಿರುವಿನತನಕ ಕೇಳಿ ನಿಂತಿತು.

ಅವಳಿಗೆ ಪ್ರೀತಿ ಇಲ್ಲ ಎಂದಲ್ಲ. ನಂಬಿಕೆ ಇತ್ತು, ಅದೇ ತೊಂದರೆ. ಈ ಲೋಕದಲ್ಲಿ ಯಾರಾದರೂ ಒಬ್ಬರು ಆ ಎರಡು ಪುಟವನ್ನು ಕೊನೆತನಕ ಓದಿ, ಬೇಡ, ಹೋಗಬೇಡ ಎನ್ನಬೇಕಿತ್ತು. ಮದುವೆಯಾಗಿ ಹನ್ನೊಂದು ವರ್ಷವಾದ ಮೇಲೆ ಇದೇನು ದೊಡ್ಡ ಆಸೆಯೇ ಎಂದು ಅವನು ಫ್ರಿಜ್ಜಿನ ಮುಂದೆ ನಿಂತು ಕೇಳಿಕೊಂಡ.

ಅಥವಾ ಅದೂ ಸುಳ್ಳು. ಸಹಿ ಹಾಕುವಾಗ ಅವಳ ಕೈ ಓಡಿದ ರೀತಿ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವನದೇ ಕೈ.

ಭದ್ರಾವತಿ ರಸ್ತೆಯ ಒಂದು ಖಾಸಗಿ ಫೌಂಡ್ರಿಯಲ್ಲಿ ಸಂಜಯ್ ಸುರಕ್ಷತಾ ಅಧಿಕಾರಿ. ಅಪಾಯವನ್ನು ತೂಗುವುದೇ ಕೆಲಸ. ಅಪಘಾತವಾಗುವ ಸಾಧ್ಯತೆಗೆ ಐದರಲ್ಲಿ ಇಷ್ಟು ಅಂಕ, ಅದರಿಂದಾಗುವ ಹಾನಿಗೆ ಐದರಲ್ಲಿ ಇಷ್ಟು ಅಂಕ, ಎರಡನ್ನೂ ಗುಣಿಸಿದರೆ ಬಣ್ಣ ಬರುತ್ತದೆ: ಹಸಿರು, ಹಳದಿ, ಕೆಂಪು. ಒಂಬತ್ತು ತಿಂಗಳ ಹಿಂದೆ, ಕ್ರೇನ್ ಓಡುವ ತೊಲೆಯ ಮೇಲೆ ವೆಲ್ಡಿಂಗ್ ಮಾಡಲು ರಹೀಂ ಎಂಬ ಗುತ್ತಿಗೆ ಕೆಲಸಗಾರ ಹತ್ತಬೇಕಿತ್ತು. ಸಂಜಯ್ ಪರವಾನಗಿಯಲ್ಲಿ ಹಳದಿ ಬರೆದ. 'ಬೆಲ್ಟು ಸಿಕ್ಕಿಸುವ ತಂತಿಯನ್ನು ಖುದ್ದಾಗಿ ಪರೀಕ್ಷಿಸಲಾಗಿದೆ' ಎಂಬ ಸಾಲಿನ ಮುಂದೆ ಗುರುತು ಹಾಕಿ, ಸಹಿ ಮಾಡಿ, ಆರಿಹೋಗುತ್ತಿದ್ದ ಕಾಫಿಯನ್ನು ಕುಡಿದ. ಕುರ್ಚಿಯಿಂದ ಎದ್ದಿರಲಿಲ್ಲ.

ತಂತಿ ಅಲ್ಲಿ ಇರಲಿಲ್ಲ. ಹಿಂದಿನ ಸಂಜೆ ಯಾರೋ ಬಿಚ್ಚಿ ಇನ್ನೊಂದು ಶೆಡ್ಡಿಗೆ ಒಯ್ದಿದ್ದರು. ವಿಚಾರಣೆಯವರು ಬರುವ ಹೊತ್ತಿಗೆ ಅದು ಮತ್ತೆ ತನ್ನ ಜಾಗದಲ್ಲಿತ್ತು. 'ಕಾರ್ಮಿಕನು ಬೆಲ್ಟಿನ ಕೊಕ್ಕೆ ಸಿಕ್ಕಿಸಿರಲಿಲ್ಲ' ಎಂದು ವರದಿಯಾಯಿತು. ಅದು ನಿಜವೇ ಆಗಿತ್ತು. ಎಲ್ಲಿಗೆ ಸಿಕ್ಕಿಸಬೇಕಿತ್ತು ಎಂದು ಯಾರೂ ಕೇಳಲಿಲ್ಲ. "ನಿಂದೇನು ತಪ್ಪಿದೆ ಮಾರಾಯ," ಎಂದು ಶಿಫ್ಟ್ ಇಂಜಿನಿಯರ್ ಪ್ರಕಾಶ್ ಬೆನ್ನು ತಟ್ಟಿದ. ಆ ತಟ್ಟಿದ ಜಾಗ ಇನ್ನೂ ಉರಿಯುತ್ತದೆ.

ರಹೀಂ ಬಿದ್ದು ಸತ್ತದ್ದು ನಲವತ್ತು ಅಡಿ ಮೇಲಿಂದ. ಅಷ್ಟು ಬೀಳಲು ಒಂದೂವರೆ ಸೆಕೆಂಡಿಗಿಂತ ತುಸು ಹೆಚ್ಚು ಬೇಕು. ಸೋಗಾನೆಯ ಆಚೆ ಬಯಲಿನಲ್ಲಿ ಐದು ದಿನದ ಸ್ಕೈಡೈವಿಂಗ್ ಶಿಬಿರ ಎಂಬ ಜಾಹೀರಾತು ಕಂಡಾಗ ಅವನು ಮೊದಲು ನೋಡಿದ್ದು ಅದನ್ನೇ: ಪ್ಯಾರಾಶೂಟು ಬಿಚ್ಚುವ ಮುಂಚೆ ಮೂವತ್ತೈದು ಸೆಕೆಂಡು ಬೀಳಬಹುದು. ಅಷ್ಟರಲ್ಲಿ ಏನಾದರೂ ತಿಳಿದೀತು ಎಂದುಕೊಂಡು ಹೆಸರು ಬರೆಸಿದ್ದ.

ಶಿಬಿರದವರು ಕಾಗದದ ಎರಡು ಪ್ರತಿ ಕೊಟ್ಟಿದ್ದರು. ಸುಮನಾಳ ಸಹಿ ಬಿದ್ದದ್ದನ್ನು ಮಡಿಸಿ ಜೇಬಿನಲ್ಲಿಟ್ಟ. ಖಾಲಿಯದನ್ನು ಫೈಲಿನಲ್ಲಿಟ್ಟು ಬೈಕು ಹತ್ತಿದ. ಮೂರು ಗಂಟೆಗೆ ಅವನ ಸರದಿ. ಸೋಗಾನೆಯ ತಿರುವು ಬಂತು, ತಿರುಗಿಸಲಿಲ್ಲ. ನೇರ ಭದ್ರಾವತಿಗೆ ಹೋದ.

ಹಳೇನಗರದ ಓಣಿಯಲ್ಲಿ ರಹೀಂನ ಹೆಂಡತಿ ಹಾಜರಾ ಬಾಗಿಲಿಗೆ ಎದುರಾಗಿ ಹೊಲಿಗೆ ಮಿಷನ್ ಇಟ್ಟುಕೊಂಡು ಕೂತಿದ್ದಳು. ಪಕ್ಕದಲ್ಲಿ ಶಾಲೆಯ ಯೂನಿಫಾರ್ಮುಗಳ ಗುಡ್ಡೆ. ಸಾವಿನ ಮೂರನೇ ದಿನ ಕಂಪನಿಯವರ ಜೊತೆ ಬಂದು ಹೊರಗೇ ನಿಂತಿದ್ದವನನ್ನು ಅವಳು ಗುರುತು ಹಿಡಿದಳು.

"ಬನ್ನಿ ಸಾರ್. ಕೂತ್ಕೊಳ್ಳಿ."

"ಒಂದು ಸಾಕ್ಷಿ ಸೈನ್ ಬೇಕಿತ್ತು." ಬಾಯಿಂದ ಹೊರಬಿದ್ದ ಮೇಲೆ ಅದೆಷ್ಟು ನಾಚಿಕೆಗೇಡು ಎಂದು ಹೊಳೆಯಿತು. "ನಾನು ವಿಮಾನದಿಂದ ಹಾರ್ತಿದೀನಿ. ಇವತ್ತು ಮಧ್ಯಾಹ್ನ."

ಹಾಜರಾ ಅವನ ಮುಖ ನೋಡಿದಳು. ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡಳು. "ಎಲ್ಲಾ ಇಂಗ್ಲೀಷು. ಓದಿ ಹೇಳಿ."

ಅವನು ಓದಿದ. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಬಿಡಿಸಿದ. ಅವಳು ಒಂದನ್ನೂ ಹಾರಿಸಲು ಬಿಡಲಿಲ್ಲ.

"ಪ್ಯಾರಾಶೂಟು ಬಿಚ್ಚದೆ ಹೋಗಬಹುದು, ಅಂತಿದೆ."

"ಬಿಚ್ಚಲಿಲ್ಲ ಅಂದ್ರೆ?"

"ಇನ್ನೊಂದು ಇರುತ್ತೆ."

"ಅದೂ ಬಿಚ್ಚಲಿಲ್ಲ ಅಂದ್ರೆ?"

"ಒಂದು ಡಬ್ಬಿ ಇರುತ್ತೆ. ತಾನೇ ಲೆಕ್ಕ ಹಾಕಿ ಆ ಎರಡನೇದನ್ನ ಬಿಚ್ಚುತ್ತೆ. ಜೊತೆಗೆ ನನ್ನನ್ನ ಕೆಲಸ ಗೊತ್ತಿರೋ ಒಬ್ಬನಿಗೆ ಕಟ್ಟಿರ್ತಾರೆ."

ಹಾಜರಾ ಬೆರಳು ಮಡಿಸಿದಳು. "ನಾಲ್ಕು," ಎಂದಳು. "ಒಬ್ಬ ಮನುಷ್ಯನಿಗೆ ನಾಲ್ಕು."

ಮಿಷನ್ನಿನ ಚಕ್ರದ ಮೇಲೆ ಅವಳ ಕೈ ಸುಮ್ಮನೆ ಇತ್ತು. "ಹೊಲಿಗೆ ನೋಡಿದೀರಾ?"

"ಇಲ್ಲ."

"ಹೊಲಿಗೆ ನೋಡ್ಬೇಕು ಸಾರ್. ಬಟ್ಟೆ ಹರಿಯಲ್ಲ, ಹೊಲಿಗೆ ಬಿಡುತ್ತೆ. ಅಲ್ಲಿ ಯಾರು ನೋಡ್ತಾರೆ ಅದನ್ನೆಲ್ಲ?"

"ಅದಕ್ಕೇ ಅಂತ ಒಬ್ಬ ಇರ್ತಾನೆ."

"ನಿಮ್ಮ ಥರ."

"ಹೂಂ. ನನ್ನ ಥರ."

ಹೊರಗೆ ಯಾರೋ ನೀರಿನ ಕೊಡ ಇಟ್ಟ ಸದ್ದಾಯಿತು. ಹಾಜರಾ ಧ್ವನಿ ಏರಿಸದೆ ಕೇಳಿದಳು. "ಅವತ್ತು ಇವರದ್ದೂ ಒಂದು ಕಾಗದ ಇತ್ತಂತೆ. ನೀವು ಮೇಲೆ ಹತ್ತಿ ನೋಡಿದ್ರಾ?"

ಒಂಬತ್ತು ತಿಂಗಳು ಅವನು ಕಾದಿದ್ದ ಪ್ರಶ್ನೆ. ಇದನ್ನು ಕೇಳಿಸಿಕೊಳ್ಳಲೆಂದೇ ಬಂದಿದ್ದ. ಸಹಿಗಿಹಿ ಎಲ್ಲ ನೆಪ. ಉತ್ತರಕ್ಕೆ ಎರಡೇ ಅಕ್ಷರ ಬೇಕಿತ್ತು. 'ಇಲ್ಲ' ಎಂದರೆ ಅವಳು ಕಿರುಚಿಯಾಳು, ಕತ್ತರಿ ಎಸೆದಾಳು, ಓಣಿಯ ಜನ ಬಂದು ಕೊರಳಪಟ್ಟಿ ಹಿಡಿದಾರು. ಹಾಗೇ ಆಗಲಿ ಎಂದು ಒಳಗೊಳಗೇ ಬೇಡಿಕೊಂಡ.

"ನೋಡೋ ಪದ್ಧತಿ ಇದೆ," ಎಂದಿತು ಅವನ ಬಾಯಿ.

"ನೀವು ನೋಡಿದ್ರಾ?"

"ಕಾಗದದಲ್ಲಿ ಎಲ್ಲ ಸರಿ ಇತ್ತು ಹಾಜರಾ."

ಅವಳು ಕಾಗದವನ್ನು ಮತ್ತೆ ಫೈಲಿನೊಳಗಿಟ್ಟು ಅವನ ಕೈಗೆ ಕೊಟ್ಟಳು.

"ನಾನು ನೋಡಿಲ್ಲ ಸಾರ್. ನೋಡದೆ ಸೈನ್ ಹಾಕಲ್ಲ ನಾನು. ಬೇಜಾರ್ ಮಾಡ್ಕೋಬೇಡಿ."

ಅವನು ಎದ್ದ. ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಅವಳ ಮಾತು ಬಂತು. "ನಿಧಾನಕ್ಕೆ ಹೋಗಿ. ಸೇತುವೆ ಹತ್ರ ರೋಡ್ ಸರಿ ಇಲ್ಲ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಸೇತುವೆಯ ಮೇಲೆ ಬೈಕು ನಿಲ್ಲಿಸಿ ಅವನು ಹೆಲ್ಮೆಟ್ಟಿನೊಳಗೆ ಅತ್ತ. ಅಲ್ಲಿಂದ ಹೊರಡುವಾಗ ಸೈಡ್ ಸ್ಟ್ಯಾಂಡು ತೆಗೆದಿದ್ದೇನೆಯೇ ಎಂದು ಎರಡು ಸಲ ನೋಡಿಕೊಂಡ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ಕಾರ್ಖಾನೆಯವರು ಅವನ ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಸ್ವಂತ ಜೀವದ ವಿಷಯದಲ್ಲಿ ಮಾತ್ರ ಅವನು ಶಾಸ್ತ್ರ ತಪ್ಪಿದವನಲ್ಲ.

ಸೋಗಾನೆಯ ಬಯಲಿನಲ್ಲಿ ಗಾಳಿ ಎದ್ದಿತ್ತು. ಅವನನ್ನು ಕಟ್ಟಿಕೊಂಡು ಹಾರಬೇಕಾಗಿದ್ದ ತರಬೇತುದಾರ ಅತುಲ್, ಮೂವತ್ತು ದಾಟಿರದ ಚುರುಕು ಆಳು, ಸುಮನಾಳ ಸಹಿ ಇದ್ದ ಕಾಗದದ ಕೊನೆಯನ್ನಷ್ಟೆ ನೋಡಿದ.

"ವಿಟ್ನೆಸ್ ಸೈನ್ ಇದೆ. ಓಕೆ ಸರ್." ತಾನೂ ಒಂದು ಗುರುತು ಹಾಕಿದ. "ಗಾಳಿ ಕಡಿಮೆ ಆಗ್ಲಿ. ಅಲ್ಲೀವರೆಗೆ ಹಾರ್ನೆಸ್ ಪ್ರಾಕ್ಟೀಸ್ ಮಾಡೋಣ."

ಕಬ್ಬಿಣದ ಕಂಬಗಳ ಒಂದು ಚೌಕಟ್ಟು. ಅಡ್ಡ ಪಟ್ಟಿಯಿಂದ ಒಂದು ಕೊಕ್ಕೆ ಇಳಿಬಿದ್ದಿತ್ತು. ಅತುಲ್ ಅವನ ತೊಡೆಗೆ, ಎದೆಗೆ, ಹೆಗಲಿಗೆ ಪಟ್ಟಿಗಳನ್ನು ಬಿಗಿದು, ಸ್ಟೂಲಿನ ಮೇಲೆ ನಿಲ್ಲಿಸಿ, ಬೆನ್ನಿನ ಪಟ್ಟಿಯ ಕಬ್ಬಿಣದ ಬಳೆಯನ್ನು ಕೊಕ್ಕೆಗೆ ಸಿಕ್ಕಿಸಿ, ಸ್ಟೂಲು ಎಳೆದ. ಸಂಜಯ್ ನೇತಾಡಿದ. ನೆಲ ಒಂದು ಅಡಿ ಕೆಳಗಿತ್ತು.

"ಮೇಲೆ ನೀವು ಏನೂ ಮಾಡ್ಬೇಡಿ ಸರ್. ಎಲ್ಲಾ ನಾನು ನೋಡ್ಕೋತೀನಿ. ಕಾಲು ಎತ್ತಿ, ಅಷ್ಟೆ."

ಸಂಜಯ್ ಕಾಲು ಎತ್ತಿದ. ಹೆಗಲ ಪಟ್ಟಿಯ ಹೊಲಿಗೆ ಕಣ್ಣಿನ ಪಕ್ಕದಲ್ಲೇ ಇತ್ತು. ಒತ್ತೊತ್ತಾಗಿ ನಾಲ್ಕು ಸಾಲು. ಇದನ್ನು ಹಾಜರಾ ನೋಡಿದ್ದರೆ ಸಹಿ ಹಾಕುತ್ತಿದ್ದಳೇನೋ ಎಂದುಕೊಂಡ.

ಆಗಲೇ ದೊಡ್ಡ ಗಾಳಿ ಬಂತು. ಬಯಲಿನ ಆ ತುದಿಯಲ್ಲಿ ಶಾಮಿಯಾನದ ಗೂಟಗಳು ಕಿತ್ತುಬಂದು ಬಟ್ಟೆ ಮೇಲೆದ್ದಿತು. ಇವತ್ತಿಗೆ ವಿಮಾನ ಇಲ್ಲ ಎಂದು ಮೈಕಿನಲ್ಲಿ ಯಾರೋ ಕೂಗಿದರು. "ಒಂದ್ನಿಮಿಷ ಸರ್," ಎಂದು ಅತುಲ್ ಓಡಿದ. ಎಲ್ಲರೂ ಓಡಿದರು.

ಸ್ಟೂಲು ಕೈಗೆ ಸಿಗದಷ್ಟು ದೂರದಲ್ಲಿ ಮಗುಚಿ ಬಿದ್ದಿತ್ತು. ಸಂಜಯ್ ಕಾಲಿನ ಹೆಬ್ಬೆರಳನ್ನು ಚಾಚಿದ, ನೆಲ ಸಿಗಲಿಲ್ಲ. ಬೆನ್ನಿನ ಕೊಕ್ಕೆ ಕೈಗೆ ಎಟುಕಲಿಲ್ಲ. ಎದೆಯ ಪಟ್ಟಿ ಮೈಯ ಭಾರಕ್ಕೆ ಬಿಗಿದು ಬಿಚ್ಚಲು ಬಾರದಾಗಿತ್ತು. ಪಟ್ಟಿಯಲ್ಲಿ ನೇತಾಡುವ ಮನುಷ್ಯನನ್ನು ಹದಿನೈದು ನಿಮಿಷದೊಳಗೆ ಇಳಿಸಬೇಕು. ಇದು ಪ್ರತಿ ತಿಂಗಳ ಮೊದಲ ಸೋಮವಾರ ಅವನೇ ಹೇಳಿಕೊಡುವ ಪಾಠ. ರಕ್ತ ಕಾಲಿಗೆ ಇಳಿದು ನಿಲ್ಲುತ್ತದೆ. ಹೆಚ್ಚೇನೂ ನೋಯುವುದಿಲ್ಲ, ತಲೆ ಹಗುರಾಗಿ ನಿದ್ದೆ ಬಂದ ಹಾಗಾಗುತ್ತದೆ, ಆ ನಿದ್ದೆಯಿಂದ ಏಳದೆಯೂ ಹೋಗಬಹುದು. ರಹೀಂ ಆ ಪಾಠಕ್ಕೆ ಯಾವಾಗಲೂ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ.

ಕಾಲು ಜೋಮು ಹಿಡಿಯಿತು. ಆಮೇಲೆ ಕಾಲೇ ಇಲ್ಲದ ಹಾಗಾಯಿತು. ಎಷ್ಟು ಹೊತ್ತಾಯಿತೆಂದು ನೋಡೋಣವೆಂದರೆ ಬಿಚ್ಚಿಕೊಟ್ಟಿದ್ದ ಗಡಿಯಾರ ಅತುಲ್‌ನ ಪೆಟ್ಟಿಗೆಯಲ್ಲಿತ್ತು.

ದೂರದಿಂದ, ಶಾಮಿಯಾನದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದಿದ್ದ ಅತುಲ್ ತಿರುಗಿ ಕೂಗಿದ. "ಸರ್, ಎಲ್ಲ ಸರಿ ಇದೆಯಾ?"

ಈಗಲೂ ಅದೇ ಎರಡಕ್ಷರ ಸಾಕಿತ್ತು. ಸಂಜಯ್ ಬಾಯಿ ತೆರೆದ.

"ಎಲ್ಲ ಸರಿ ಇದೆ," ಎಂದು ಹೆಬ್ಬೆಟ್ಟು ಎತ್ತಿ ತೋರಿಸಿದ.

ಅತುಲ್ ಹಗ್ಗದ ಕಡೆಗೆ ತಿರುಗಿದ. ಗಾಳಿ ಸಂಜಯ್‌ನನ್ನು ಕೊಕ್ಕೆಯ ಮೇಲೆ ಮೆಲ್ಲಗೆ ತಿರುಗಿಸುತ್ತಿತ್ತು, ಒಮ್ಮೆ ಶಿವಮೊಗ್ಗದ ಕಡೆಗೆ, ಒಮ್ಮೆ ಭದ್ರಾವತಿಯ ಕಡೆಗೆ. ಕೆಳಗೆ, ಒಂದು ಅಡಿ ಕೆಳಗೆ, ಹುಲ್ಲು ಅಲ್ಲಾಡುತ್ತಿತ್ತು.